ಐದೂ ಮುಕ್ಕಾಲರ ಬಸ್ಸು

ಮಣಿಮೇಗಲೈಗೆ ನಲವತ್ತನಾಲ್ಕು. ಬೋಡಿನಾಯಕನೂರಿನ ಏಲಕ್ಕಿ ಮಂಡಿಯೊಂದರಲ್ಲಿ ಹನ್ನೊಂದು ವರ್ಷದಿಂದ ಕಾಯಿ ಆರಿಸುವ ಕೆಲಸ. ದಪ್ಪ ಕಾಯಿ ಒಂದು ಕಡೆ, ಸಣ್ಣದು ಒಂದು ಕಡೆ, ಒಡೆದದ್ದು ಇನ್ನೊಂದು ಕಡೆ. ಇಷ್ಟಕ್ಕೆ ಬಿ.ಎ. ಯಾಕೆ ಬೇಕಿತ್ತು ಎಂದು ಕೇಳಬೇಡಿ. ತನ್ನನ್ನು ತಾನೇ ಕೇಳಿಕೊಂಡು ಅವಳಿಗೂ ಸಾಕಾಗಿದೆ.

ಬೆನ್ನುನೋವನ್ನಾದರೂ ತಡೆದುಕೊಳ್ಳಬಹುದು, ಬಸ್ಸಿನ ಕಾಟ ತಡೆಯಲಾಗದು. ಕೊಂಬೈ ಕಡೆಯ ಬಸ್ಸು ಐದೂ ಮುಕ್ಕಾಲಿಗೆ. ಮಂಡಿ ಬಿಡುವುದು ಆರಕ್ಕೆ. ಮುಂದಿನ ಬಸ್ಸು ಏಳೂಕಾಲಿಗೆ. ಮಣಿಮೇಗಲೈಯೂ ಸೇರಿ ಕೊಂಬೈಯ ಒಂಬತ್ತು ಹೆಂಗಸರು ದಿನಾ ನಿಲ್ದಾಣದಲ್ಲಿ ಕಾಲು ಬದಲಿಸುತ್ತಾ ನಿಲ್ಲಬೇಕು. ಬೆಳಿಗ್ಗೆ ನೋಡಿದರೆ ಎಂಟಕ್ಕೇ ಬಂದಿಳಿದು, ಒಂಬತ್ತಕ್ಕೆ ಕೆಲಸ ಶುರುವಾಗುವವರೆಗೆ ಜಗಲಿಯಲ್ಲಿ ಸುಮ್ಮನೆ ಕೂರುವುದು. ಅರ್ಧ ಗಂಟೆ ಮೊದಲು ಕೂತು ಅರ್ಧ ಗಂಟೆ ಮೊದಲು ಏಳುತ್ತೇವೆ ಎಂದು ಮೊದಲಾಳಿಯನ್ನು, ಅಂದರೆ ಮಂಡಿಯ ಯಜಮಾನರನ್ನು, ಒಂದು ಮಾತು ಕೇಳಿದರೆ ಮುಗಿಯಿತು. ಕೇಳುವವರು ಯಾರು?

ಗುರುವಾರ ಮೊದಲಾಳಿ ತಾವಾಗಿಯೇ ಒಳಗೆ ಬಂದು, "ಏನಾದರೂ ಹೇಳುವುದಿದೆಯೇನಮ್ಮಾ?" ಎಂದು ತಮಿಳಿನಲ್ಲಿ ಕೇಳಿದರು. ಇಂಥ ಅವಕಾಶ ಮತ್ತೆ ಬರುತ್ತದೆಯೇ! ಆದರೆ ಕೊಂಬೈಯ ಈ ಹೆಂಗಸರದು ಕನ್ನಡ ಮನೆಮಾತು, ಅವರ ಮನೆಗಳಲ್ಲಿ ಒಂದು ರೂಢಿ: ಕುಲದ ಕೂಟದಲ್ಲಿ ಹಿರಿಯರು ಬಾಯಿ ತೆರೆಯದೆ ಕಿರಿಯರು ಉಸಿರೆತ್ತುವಂತಿಲ್ಲ. ಮಣಿಮೇಗಲೈ ವರಸೆಯಲ್ಲಿ ಅತ್ತೆಯಾಗುವ, ಅರವತ್ತು ದಾಟಿದ ಪೊನ್ನಮ್ಮಾಳ್ ಮುಖ ನೋಡಿದಳು. ಪೊನ್ನಮ್ಮಾಳ್, ಓದಿದವಳು ಇವಳಲ್ಲವೇ ಎಂದು ಇವಳ ಮುಖ ನೋಡಿದರು. ಉಳಿದ ಏಳು ಮಂದಿ ಇಬ್ಬರ ಮುಖವನ್ನೂ ನೋಡಿದರು. "ಸರಿ, ಸಂತೋಷ" ಎಂದು ಮೊದಲಾಳಿ ಹೊರಟೇ ಹೋದರು.

ನಿಲ್ದಾಣದಲ್ಲಿ ಪೊನ್ನಮ್ಮಾಳ್ ಸಿಡಿದರು. "ಯಾಕೆ ಬಾಯಿಗೆ ಬೀಗ ಹಾಕ್ಕೊಂಡು ನಿಂತೆ? ಕಾಲೇಜಲ್ಲಿ ಓದ್ದವ್ಳು ನೀನಾ ನಾನಾ?"

"ನೀವು ಪೆರಿಯವರು ಅತ್ತೆ, ವಯಸ್ಸಲ್ಲಿ ದೊಡ್ಡೋರು. ನೀವು ತೊಡಗಿದ್ರೆ ಮಿಕ್ಕಿದ್ದು ನಾ ಹೇಳ್ತಿದ್ದೆ."

"ಪೆರಿಯವಳಂತೆ! ಹೆಬ್ಬೆಟ್ಟು ಒತ್ತೋವ್ಳು ಕಣೇ ನಾನು."

ಮಣಿಮೇಗಲೈ ಮತ್ತೆ ಕಾಲು ಬದಲಿಸಿದಳು. ಜಗಳಕ್ಕೂ ತ್ರಾಣವಿರಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದೆ ಕಾಲೇಜಿನಲ್ಲೂ ಆದದ್ದು ಇದೇ. ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಯಾರಾಗುತ್ತೀರಿ ಎಂದು ಮೇಡಂ ಕೇಳಿದಾಗ, ದೊಡ್ಡವರು ಯಾರಾದರೂ ಮೊದಲು ಕೈಯೆತ್ತಲಿ ಎಂದು ಕಾದಳು. ತಮಿಳರಸಿ ಎಂಬ ಸಹಪಾಠಿ ಎತ್ತಿಯೇ ಬಿಟ್ಟಳು. ಆ ವರ್ಷವೆಲ್ಲ ಆಹ್ವಾನಪತ್ರ ಬರೆದವಳು, ಕುರ್ಚಿ ಹಾಕಿಸಿದವಳು, ಜಗಳ ಬಿಡಿಸಿದವಳು ಇವಳು. ವೇದಿಕೆ ಹತ್ತಿ ತಡವರಿಸಿ, ನಗೆಪಾಟಲಾಗಿ, ಕೊನೆಗೆ ಮಾತು ಕಲಿತವಳು ತಮಿಳರಸಿ. ಅಲ್ಲಿ ತಡವರಿಸಿದ್ದರೆ ಯಾರ ಗಂಟು ಹೋಗುತ್ತಿತ್ತು? ತಪ್ಪಿದರೂ ಕೂಲಿ ಹೋಗದ ಜಾಗದಲ್ಲಿ ಮಣಿಮೇಗಲೈ ಕಲಿಯಲಿಲ್ಲ, ಪಾಪ.

ಶನಿವಾರ ಮಗಳು ಅಭಿರಾಮಿ ಪೆರಿಯಕುಳಂನ ಹಾಸ್ಟೆಲಿನಿಂದ ಬಂದಳು. ಅವಳ ಕಾಲೇಜಿನಲ್ಲೂ ಈಗ ಕಾರ್ಯದರ್ಶಿಯ ಆಯ್ಕೆ. ನಿಲ್ಲಬೇಕಾದರೆ ಫಾರಂಗೆ ಹೆತ್ತವರ ಸಹಿ ಬೇಕು. ಮುಂದೆ ನಿಂತ ಹುಡುಗಿಯ ಮೇಲೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ ಎಂದು ಮಣಿಮೇಗಲೈ ಎರಡು ವಾರದಿಂದ ತಳ್ಳುತ್ತಾ ಬಂದಿದ್ದಳು. ಅಂದೂ ಸಹಿ ಹಾಕಲಿಲ್ಲ. ಗುರುವಾರದ ಅವಮಾನವನ್ನು ಮಾತ್ರ ಹೇಳಿಕೊಂಡಳು.

"ಅವ್ವಾ, ಈಗ ನಾನೇ ಮೊದಲಾಳಿ. ಕೇಳು, ನೋಡೋಣ, ಪಾರ್ಕಲಾಂ," ಎಂದಳು ಅಭಿರಾಮಿ, ಅರ್ಧ ಮನೆಮಾತು ಅರ್ಧ ತಮಿಳಿನಲ್ಲಿ.

ಮೊದಲ ಸಲ ಮಾತು ಬಸ್ಸಿನ ಹತ್ತಿರವೇ ನಿಂತುಹೋಯಿತು. ಎರಡನೇ ಸಲ ನಗು ಬಂತು. ಮೂರನೇ ಸಲ ಮಾತು ಪೂರ್ತಿ ಹೊರಬಿತ್ತು.

"ಅದೆಲ್ಲ ಆಗಲ್ಲ, ಹೋಗಮ್ಮಾ," ಎಂದಳು ಮಗಳು ಗತ್ತಿನಿಂದ.

ತಾಯಿ ಸರಿ ಎಂದು ಎದ್ದೇಬಿಟ್ಟಳು. "ಮತ್ತೆ ಮೊದ್ಲಿಂದ" ಎಂದಳು ಅಭಿರಾಮಿ. ಹಾಗೆ ಎಂಟು ಸಲ, ಆಗಲ್ಲ ಎಂಬುದಕ್ಕೆ ಮೂರು ಉತ್ತರ ಸಿದ್ಧವಾಗುವವರೆಗೆ. ಹೋಗುವಾಗ ಫಾರಂ ಅನ್ನು ತಾಯಿಯ ಚೀಲದಲ್ಲೇ ಬಿಟ್ಟು ಹೋದಳು. ಮುಂದಿನ ಶನಿವಾರ ಬಂದು ಒಯ್ಯುತ್ತಾಳಂತೆ, ಅದೇ ಕೊನೆಯ ವಾರವಂತೆ.

ಸೋಮವಾರ ಮಣಿಮೇಗಲೈ ಯಾರ ಮುಖವನ್ನೂ ನೋಡದೆ ಎದ್ದು ಮೊದಲಾಳಿಯ ಕೋಣೆಗೆ ನಡೆದಳು. ಬಸ್ಸು, ಜಗಲಿ, ಅರ್ಧ ಗಂಟೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಮೊದಲಾಳಿ ಫೋನಿನಿಂದ ತಲೆಯೆತ್ತಿದರು. "ಅಷ್ಟೇ ತಾನೆ? ನಾಳೆಯಿಂದಲೇ ಹಾಗೆ ಮಾಡಿ. ಇದನ್ನು ಇಷ್ಟು ವರ್ಷ ಯಾಕಮ್ಮಾ ಕೇಳಲಿಲ್ಲ?"

ಆಗಲ್ಲ ಎಂದಿದ್ದರೆ ಅವಳ ಬಳಿ ಮೂರು ಉತ್ತರವಿತ್ತು. ಇದಕ್ಕೆ ಒಂದೂ ಇರಲಿಲ್ಲ.

ಮಂಗಳವಾರ ಐದೂ ಮುಕ್ಕಾಲರ ಬಸ್ಸಿನಲ್ಲಿ ಒಂಬತ್ತು ಮಂದಿಗೂ ಸೀಟು ಸಿಕ್ಕಿತು. ಪೊನ್ನಮ್ಮಾಳ್ ಕೂತಲ್ಲೇ ನಿದ್ದೆ ಹೋದರು. ಹೊರಗೆ ಇನ್ನೂ ಬೆಳಕಿತ್ತು. ಅಭಿರಾಮಿ ಚಿಕ್ಕವಳಿದ್ದಾಗ ಈ ಹೊತ್ತಿಗೆಲ್ಲ ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತು ತಾಯಿಗಾಗಿ ಕಾಯುತ್ತಿದ್ದಳು. ಎಷ್ಟೋ ದಿನ ಅಲ್ಲೇ ಉಂಡು ಮಲಗಿಬಿಟ್ಟಿರುತ್ತಿದ್ದಳು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಮಣಿಮೇಗಲೈಗೆ ಅಳು ಬಂತು, ಸೆರಗಿನಿಂದ ಒರೆಸಿಕೊಂಡಳು.

ಆಮೇಲೆ ಚೀಲದಿಂದ ಫಾರಂ ತೆಗೆದು, ಊಟದ ಡಬ್ಬಿಯ ಮೇಲಿಟ್ಟು ಸಹಿ ಹಾಕಿದಳು. ಬಸ್ಸು ಕುಲುಕಿ ಅಕ್ಷರ ಸೊಟ್ಟಗಾಯಿತು. ಇರಲಿ, ಹೆಸರು ಓದಲು ಬರುತ್ತಿತ್ತು.