ಜೋಡಿ ಹಂಸದ ಶಾಲು

ಚಳ್ಳಕೆರೆಯ ನಮ್ಮ ಕಾಲೇಜಿನಲ್ಲಿ ಯಾರೂ ಕೊಡದ ಒಂದು ಹುದ್ದೆಯನ್ನು ನಾನೇ ವಹಿಸಿಕೊಂಡಿದ್ದೆ: ತಪ್ಪು ಹುಡುಕುವುದು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ನಾಲಿಗೆ ಒಂದು ಗೇಣು ಉದ್ದವಾಗಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಮ್ಮ ವಿಶ್ವವಿದ್ಯಾಲಯದ ಲಾಂಛನ ತೀರಾ ಸರಳ. ಒಂದು ವೃತ್ತ, ಅದರೊಳಗೆ ಎಡಕ್ಕೆ ಮುಖ ಮಾಡಿ ಕೂತ ಒಂದು ಹಂಸ. ಇಷ್ಟನ್ನೂ ನಮ್ಮಲ್ಲಿ ಯಾರೂ ನೆಟ್ಟಗೆ ಬರೆದಿರಲಿಲ್ಲ. ಗೇಟಿನ ಮೇಲಿದ್ದದ್ದು ಬಾತುಕೋಳಿ. ಬ್ಯಾನರಿನ ಹಂಸ ಬಲಕ್ಕೆ ತಿರುಗಿತ್ತು. ಆಹ್ವಾನಪತ್ರಿಕೆಯದಂತೂ ಕಡಲೆಕಾಯಿಗೆ ಕತ್ತು ಮೂಡಿದ ಹಾಗೆ.

ನಾನು ಸೀದಾ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಲಾಂಛನವನ್ನು ಬದಲಿಸಬಾರದು, ತಿರುವಬಾರದು, ಅದಕ್ಕೆ ಏನನ್ನೂ ಸೇರಿಸಬಾರದು ಎಂದು ವಿಶ್ವವಿದ್ಯಾಲಯ ಕಳಿಸಿದ್ದ ಸುತ್ತೋಲೆ ನೋಟಿಸ್ ಬೋರ್ಡಿನಲ್ಲೇ ಇತ್ತು. ಅದನ್ನು ಓದಿ ಹೇಳಿದೆ.

"ಒಂದೇ ಯೂನಿವರ್ಸಿಟಿಗೆ ಮೂರು ಜಾತಿ ಹಕ್ಕಿ ಇರಕ್ಕಾಗಲ್ಲ ಸಾರ್."

ಅವರು ಕನ್ನಡಕ ತೆಗೆದರು. "ಆ ಸುತ್ತೋಲೆ ಓದಿರೋದು ನೀನೊಬ್ಬಳೇ ಅಂತ ಕಾಣ್ತದೆ. ನೀನೇ ನೋಡ್ಕೊ ಹಂಗಾದ್ರೆ."

ನೋಡಿಕೊಂಡೆ. ಆ ವರ್ಷ ಅಂತರಕಾಲೇಜು ಚರ್ಚಾಸ್ಪರ್ಧೆ ನಮ್ಮಲ್ಲೇ ಇತ್ತು; ಅತಿಥಿಯಾಗಿ ಕುಲಪತಿಗಳೇ ಬರುವವರಿದ್ದರು. ಅಂಗಡಿಯ ಶಾಲು ಬೇಡ, ಒಂದು ತುದಿಗೆ ಲಾಂಛನ ನೇಯ್ದ ಮೊಳಕಾಲ್ಮೂರು ರೇಷ್ಮೆ ಶಾಲು ಹೊದಿಸೋಣ ಎಂದವಳೂ ನಾನೇ. ನನ್ನ ಸೋದರತ್ತೆಯ ಗಂಡ ಅಲ್ಲಿ ನೇಕಾರ. ಮಾವನ ಮಗ್ಗದಿಂದ ಇಳಿದ ಸೀರೆಗಳೆಲ್ಲ ಅಂಗಡಿಗಳಿಗೆ ಹೋಗಿ, ಅಲ್ಲಿಂದ ಯಾರ್‍ಯಾರದೋ ಮದುವೆಗೆ ಹೋಗುತ್ತಿದ್ದವು. ತಾನು ನೇಯ್ದದ್ದನ್ನು ನಾಲ್ಕು ಜನರೆದುರು ಒಬ್ಬರು ಹೊದ್ದು ಕೂತದ್ದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ಗ್ರಾಫ್ ಹಾಳೆಯಲ್ಲಿ ಬರೆದ ಹಂಸವನ್ನು ಕೈಗಿಟ್ಟಾಗ ಅವರು ಕೇಳಿದ್ದು ಒಂದೇ: "ಹಾಕೋ ದಿನ ನಾನೂ ಬರ್ಲಾ ಅಮ್ಮಾಯಿ?"

ಕಾರ್ಯಕ್ರಮದ ದಿನ ಬೆಳಗಿನ ಬಸ್ಸಿಗೇ ಮೊಳಕಾಲ್ಮೂರಿಗೆ ಹೋದೆ. ಮಾವ ಶಾಲು ಬಿಡಿಸಿದರು. ಎರಡು ವೃತ್ತ, ಎರಡು ಹಂಸ, ಎದುರುಬದುರು.

"ಮಾವ, ಇನ್ನೊಂದು ಎಲ್ಲಿಂದ ಬಂತು?"

"ನಮ್ಮನೇಲಿ ಒಂಟಿ ಹಕ್ಕಿ ನೇಯಲ್ಲ ಅಮ್ಮಾಯಿ. ನಮ್ಮಪ್ಪನೂ ನೇಯಲಿಲ್ಲ. ಹೊದ್ದೋರ ಮನೆ ಒಂಟಿಯಾಗ್ತದೆ."

"ಯಾರ ಮನೆ ಆಗೈತೆ? ಒಬ್ಬರ ಹೆಸರು ಹೇಳಿ ನೋಡಾನ."

"ನಾವು ನೇಯ್ದಿಲ್ಲವಲ್ಲ, ಅದಕ್ಕೇ ಯಾರದೂ ಆಗಿಲ್ಲ."

ಇಂಥ ವಾದವನ್ನು ಹೇಗೆ ಒಡೆಯಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಒಳಗಿನಿಂದ ಅತ್ತೆ ಕೂಗಿದಳು: "ಆ ಚರ್ಚೆ ಬಹುಮಾನ ನಿಮ್ಮ ಮಾವಂಗೇ ಕೊಟ್ಟುಬಿಡೇ."

ಇನ್ನೊಂದು ನೇಯಲು ಹೊತ್ತೆಲ್ಲಿತ್ತು? ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಾವ ನನ್ನ ಜತೆಗೇ ಬಸ್ಸು ಹತ್ತಿದರು. ಚಳ್ಳಕೆರೆ ಬರುವವರೆಗೂ ಶಾಲು ಅವರ ತೊಡೆಯ ಮೇಲಿತ್ತು.

ಪ್ರಿನ್ಸಿಪಾಲರ ಕೋಣೆಗೆ ನಾನೊಬ್ಬಳೇ ಹೋದೆ. ಮಾವ ಹೊರಗೆ ಬೆಂಚಿನ ಮೇಲೆ ಕೂತರು.

"ಇದೇನಮ್ಮಾ? ಸುತ್ತೋಲೆ ಓದಿ ನಂಗೆ ಪಾಠ ಹೇಳಿದೋಳು ನೀನೇ ಅಲ್ವಾ? ಬ್ಯಾಡ ಬ್ಯಾಡ, ಅಂಗಡಿಯಿಂದ ಒಂದು ತರ್ಸು."

"ಸರ್ಕಾರದ ಹಕ್ಕಿಗೇ ಎರಡು ತಲೆ ಐತೆ ಸಾರ್, ಯಾರೂ ಕೇಳಲ್ಲ."

"ಅದು ಸರ್ಕಾರ. ಅದನ್ನ ಯಾರು ಕೇಳ್ತಾರೆ?"

ಬೆಂಚಿನ ಮೇಲಿದ್ದ ಬಿಳಿ ಅಂಗಿ ಬಾಗಿಲಿನಿಂದ ಕಾಣುತ್ತಿತ್ತು. ಶಾಲನ್ನು ಮೇಜಿನ ಮೇಲೆ ಹರವಿ, ಎರಡು ಹಂಸಗಳ ನಡುವೆ ಸರಿಯಾಗಿ ಉದ್ದುದ್ದಕ್ಕೆ ಮಡಚಿದೆ.

"ಈಗ ಎಷ್ಟು ಸಾರ್?"

"ಒಂದು."

"ಮುಖ?"

"ಎಡಕ್ಕೆ." ಅವರು ಬಗ್ಗಿ ನೋಡಿದರು. "ಬಿಚ್ಚಿಕೊಂಡ್ರೆ?"

"ಸ್ಟೇಜಿನ ಮೇಲೆ ಶಾಲು ಬಿಚ್ಚಿ ನೋಡೋರು ಯಾರು ಸಾರ್? ಮಡಿಕೆ ಒಳಗೆ ಏನಿರಬಾರದು ಅಂತ ಸುತ್ತೋಲೆಯಾಗೆ ಬರೆದಿಲ್ಲ."

"ಬಿಚ್ಚಿಕೊಳ್ತೋ, ನಾಳೆಯಿಂದ ನೀನು ಈ ಕೋಣೆ ಕಡೆ ತಲೆ ಹಾಕಬಾರದು" ಎಂದು ಒಪ್ಪಿದರು.

ಹೊರಗೆ ಬಂದು ಮಡಚಿದ ಶಾಲನ್ನು ತೋರಿಸಿದರೆ ಮಾವನ ಮುಖ ಸಣ್ಣದಾಯಿತು.

"ಒಂಟಿ ಮಾಡಿಬಿಟ್ಯಲ್ಲ ಅಮ್ಮಾಯಿ."

"ಎಲ್ಲಿ ಒಂಟಿ ಮಾವ? ಜೋಡಿ ಹಿಂದುಗಡೆನೇ ಐತೆ, ಬೆನ್ನಿಗೆ ಬೆನ್ನು ಕೊಟ್ಟು. ನೀವು ನೇಯ್ದಿದ್ದು ಎಲ್ಲಿಗೆ ಹೋಗ್ತದೆ?"

ಮಡಿಕೆಯನ್ನು ಬೆರಳಿನಿಂದ ಎತ್ತಿ ನೋಡಿ, "ಹಂಗಾದ್ರೆ ಸರಿ" ಎಂದರು, ಅರೆಮನಸ್ಸಿನಿಂದ. ಒಂದೇ ಮಡಿಕೆಯಿಂದ ಬಾಗಿಲೊಳಗೆ ಒಂದು ಹಂಸ, ಬಾಗಿಲಾಚೆ ಎರಡು ಹಂಸ ಸಾಧಿಸಿದ್ದೆ. ನನಗೆ ಬಹಳ ಖುಷಿಯಾಗಿತ್ತೆಂದು ಬೇರೆ ಹೇಳಬೇಕಿಲ್ಲ. ಪರವೋ ವಿರೋಧವೋ ಚೀಟಿ ಎತ್ತಿದ ಮೇಲೆ ತಿಳಿಯುವ ಆಟ ಆಡಿ ಬೆಳೆದವರಿಗೆ ಇದಕ್ಕಿಂತ ಒಳ್ಳೆಯ ದಿನ ಯಾವುದು?

ಕುಲಪತಿಗಳಿಗೆ ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದಾಗ ಮಾವ ತಟ್ಟಲಿಲ್ಲ, ಶಾಲನ್ನೇ ನೋಡುತ್ತಿದ್ದರು. ಕುಲಪತಿಗಳು ಜರಿಯ ಮೇಲೊಮ್ಮೆ ಬೆರಳಾಡಿಸಿ, ಇತರ ಅತಿಥಿಗಳ ಹಾಗೆ ತೆಗೆದು ಕುರ್ಚಿಗೆ ಹಾಕದೆ, ಹೊದ್ದೇ ಕೂತರು. ಚರ್ಚೆಯಲ್ಲಿ ನಾವು ಸೋತೆವು. ಅದು ಬೇರೆ ಮಾತು. ಬಸ್‌ಸ್ಟ್ಯಾಂಡಿನಲ್ಲಿ ಮಾವ ಹೇಳುತ್ತಲೇ ಇದ್ದರು: "ಅಷ್ಟು ಸೆಕೆಯಾಗೂ ತೆಗೀಲಿಲ್ಲ ನೋಡು."

ಸ್ವಲ್ಪ ದಿನಕ್ಕೆ ಆ ಸಮಾರಂಭದ ಫೋಟೋ ಒಂದನ್ನು ಕಟ್ಟು ಹಾಕಿಸಿ ಮಾವನಿಗೆ ಒಯ್ದು ಕೊಟ್ಟೆ. ಗೋಡೆಗೆ ಮೊಳೆಯಂತೂ ಆಗಲೇ ಹೊಡೆದಿದ್ದರು. ಫೋಟೋ ಹಿಡಿದು ಬೆಳಕಿಗೆ ಹೋಗಿ ನೋಡಿದರು.

"ಒಂದೇ ಐತೆ."

"ಇನ್ನೊಂದು ಹಿಂದೆ ಐತಲ್ಲ ಮಾವ."

"ಶಾಲಾದ್ರೆ ಬಿಡಿಸಿ ನೋಡಬೌದು. ಫೋಟೋ ಬಿಡಿಸಕ್ಕಾಗ್ತದಾ?"

ನಾನು ಗೋಡೆಯ ಮೊಳೆಯ ಕಡೆ ಕೈ ತೋರಿಸಿದೆ.

"ಗೋಡೆಗೆ ಒಂಟಿ ವದ್ದಮ್ಮಾ, ಬ್ಯಾಡ" ಎಂದು ಫೋಟೋವನ್ನು ಮೆಲ್ಲಗೆ ನನ್ನ ಕೈಗೇ ಕೊಟ್ಟರು. ತಾವು ನೇಯ್ದದ್ದನ್ನು ಹೊದ್ದ ಮನುಷ್ಯನನ್ನು ದಿನಾ ನೋಡುವ ಆಸೆ ಕಣ್ಣಲ್ಲೇ ಇತ್ತು. ಆದರೂ ಕೊಟ್ಟರು.

ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆ ಎತ್ತಿದಳು. "ನಮ್ಮ ಮದುವೆ ಫೋಟೋನ ಸ್ಟುಡಿಯೋದೋನು ತಿರುವಿ ಹಾಕಿ, ನನ್ನ ಮೂಗುಬಟ್ಟು ಆ ಕಡೀಕೆ ಹೋಗಿರಲಿಲ್ವಾ? ಹಂಗೇ ಇದ್ನೂ ಒಂದು ಹಾಕ್ಸೇ."

ಮಾವ ನನ್ನ ಮುಖ ನೋಡಿದರು.

ಲಾಂಛನವನ್ನು ತಿರುವಬಾರದು ಎಂದು ಊರಿಗೆಲ್ಲ ಸಾರಿದವಳು ಮರುದಿನ ಚಳ್ಳಕೆರೆಯ ಸ್ಟುಡಿಯೋದಲ್ಲಿ ನಿಂತು ನೆಗೆಟಿವ್ ತಿರುವಿ ಹಾಕಲು ಹೇಳುತ್ತಿದ್ದೆ. ಸ್ಟುಡಿಯೋದವನು ಎರಡೆರಡು ಸಲ ಕೇಳಿದ. "ತಿರುವಿದ್ದಕ್ಕೆ ಜಗಳಕ್ಕೆ ಬರೋರನ್ನ ನೋಡೀನಿ. ತಿರುವು ಅಂತ ಬಂದೋಳು ನೀನೇ ಮೊದಲು."

ಮಾವನ ಮನೆಯ ಪಡಸಾಲೆಯಲ್ಲಿ ಈಗಲೂ ಇಬ್ಬರು ಕುಲಪತಿಗಳು ಎದುರುಬದುರಾಗಿ ಕೂತಿದ್ದಾರೆ. ಒಬ್ಬರ ಗಡಿಯಾರ ಎಡಗೈಯಲ್ಲಿ, ಇನ್ನೊಬ್ಬರದು ಬಲಗೈಯಲ್ಲಿ. ಒಬ್ಬರ ಹಂಸ ಇನ್ನೊಬ್ಬರ ಹಂಸವನ್ನು ನೋಡುತ್ತದೆ. ಮನೆಗೆ ಬಂದವರು ಯಾರಾದರೂ, "ಯಾರವ್ವಾ ಇವರು, ಅಣ್ಣತಮ್ಮಂದಿರಾ?" ಎಂದು ಕೇಳಿದರೆ ಅತ್ತೆ ಕೆಲಸದಿಂದ ಕಣ್ಣು ತೆಗೆಯದೆ ಹೇಳುತ್ತಾಳೆ:

"ಹ್ಞೂಂ, ಅವಳಿಜವಳಿ. ಇಬ್ಬರೂ ಭಾಳ ಓದಿದೋರು."