ಖಾಲಾ ತಂದ ಎಣ್ಣೆ ಬಾಟಲಿ

ಬೆಳಿಗ್ಗೆ ನನ್ನ ಟೇಲರ್ ಅಂಗಡಿಯಲ್ಲಿ ಹೊಲಿಗೆ ಮಷಿನ್ನಿನ ಎಣ್ಣೆ ಬಾಟಲಿ ತೆರೆದೆ. ಆ ವಾಸನೆ ನನ್ನನ್ನು ನಮ್ಮೂರು ನೆಲೋಗಿಯ ಮನೆಯ ಪಡಸಾಲೆಗೆ ಎಳೆದೊಯ್ದಿತು.

ಅವ್ವನಿಗೆ ಹೊಲಿಗೆ ಕಲಿಸಿದವರು ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಪಕ್ಕದ ಮನೆಯವರು. ಮಧ್ಯಾಹ್ನ ತಮ್ಮ ಮಷಿನ್ ಬಿಟ್ಟುಕೊಟ್ಟು, ಕುಬುಸದ ತೋಳು ಸೊಟ್ಟಗಾದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದರು. ಕೊನೆಗೆ ಅವ್ವ ಸ್ವಂತ ಮಷಿನ್ ತಂದಳು. ಅಂದೇ ಹೆಂಗಸೊಬ್ಬಳು ಬಟ್ಟೆ ಹಿಡಿದು ಬಂದು, ಖಾಲಾ ಮನೆ ಯಾವುದೆಂದು ಕೇಳಿದಳು.

"ಅವರು ಹೊಲಿಗಿ ಬಿಟ್ಟಾರ್ರಿ. ನನ್ನ ಕಡೆ ಕೊಡ್ರಿ," ಎಂದುಬಿಟ್ಟಳು ಅವ್ವ. ಖಾಲಾ ಹೊಲಿಗೆ ಬಿಟ್ಟಿರಲಿಲ್ಲ.

ಸಂಜೆ ಖಾಲಾ ಎಣ್ಣೆಯ ಸಣ್ಣ ಬಾಟಲಿ ಹಿಡಿದು ಬಂದರು. "ಹೊಸಾ ಮಷಿನ್ ಐತಿ ಬೇಟಿ, ಎಣ್ಣಿ ಇಲ್ದ ಓಡಿಸಬ್ಯಾಡ," ಎನ್ನುತ್ತ ತಾವೇ ಎಣ್ಣೆ ಬಿಟ್ಟು, ಸೆರಗಿನಿಂದ ಒರೆಸಿದರು. ಅವ್ವ ತಲೆ ಎತ್ತಲಿಲ್ಲ. ಅವರು ಹೋದಮೇಲೆ ಆ ಹೆಂಗಸು ಹೊಲಿಯಲು ಕೊಟ್ಟುಹೋಗಿದ್ದ ಬಟ್ಟೆಯನ್ನು ನನ್ನ ಕೈಗಿಟ್ಟು, "ಖಾಲಾಗ ಕೊಟ್ಟು ಬಾ," ಎಂದಳು. ಏನಂತ ಹೇಳಲಿ ಎಂದು ಕೇಳಿದೆ. ಅವ್ವ ಎಣ್ಣೆ ಬಾಟಲಿಯ ಮುಚ್ಚಳ ಬಿಗಿಮಾಡತೊಡಗಿದಳು.

ಜೇವರ್ಗಿಯಲ್ಲಿ ಇವತ್ತು, ನನ್ನ ಹತ್ತಿರವೇ ಕಲಿತ ಹುಡುಗಿ ನನ್ನ ಅಂಗಡಿಯ ಎದುರಿಗೇ ಅಂಗಡಿ ತೆರೆದಿದ್ದಾಳೆ. "ಆಕಿ ಛಲೋ ಹೊಲಿತಾಳೇನ್ರಿ?" ಎಂದು ಗಿರಾಕಿಯೊಬ್ಬರು ಕೇಳಿದರು.

"ನಂಗೊತ್ತಿಲ್ರಿ," ಎಂದೆ.

ಆ ಹುಡುಗಿಗೆ ಕೊಡಲೆಂದು ತಂದ ಹೊಸ ಎಣ್ಣೆ ಬಾಟಲಿ ಇನ್ನೂ ನನ್ನ ಮೇಜಿನ ಮೇಲೇ ಇದೆ.