ಶಾಯಿ ಕರಗಿದ ಚೀಟಿಗಳು

ಸಿಗಡಿ ಮಾಡಿದ ದಿನ ನನ್ನ ಗಂಡನ ಊಟ ಮುಗಿಯುತ್ತಲೇ ಇರಲಿಲ್ಲ. ಒಂದೊಂದನ್ನೂ ಬಟ್ಟಲಿನ ಅಂಚಿನಲ್ಲಿ ಮಲಗಿಸಿ, ಕಾಲು ಎಣಿಸಿಯೇ ಬಾಯಿಗೆ ಹಾಕುತ್ತಿದ್ದರು. “ತಿನ್ನು ಮಾರಾಯ, ಅದು ನಿನ್ನ ಪರೀಕ್ಷೆಗೆ ಕೂತದ್ದಲ್ಲ” ಎಂದು ಅತ್ತೆ ಗದರುತ್ತಿದ್ದರು.

ಇವರು ಮೂಡುಬಿದಿರೆಯಲ್ಲಿ ವಿಜ್ಞಾನದ ಮಾಸ್ಟ್ರು. ಮನೆ ಪುತ್ತಿಗೆಯಲ್ಲಿ. ಅಲ್ಲಿ ಕುಳಿತು ಆಳಸಮುದ್ರದ ಜೀವಿಗಳ ಕುಲಗೋತ್ರ ಹುಡುಕುವುದು ಇವರ ಹುಚ್ಚು. ಕಡಲಸೌತೆ ಎಂಬ ಮೆತ್ತನೆಯ ಪ್ರಾಣಿಯ ಮೈಮೇಲೆ, ಹೊಟ್ಟೆಯೊಳಗೆ ಸಿಗಡಿಯ ದೂರದ ನೆಂಟರಂಥ ಹುಳಗಳು ಇರುತ್ತವೆ, ರಾಗಿಕಾಳಿಗಿಂತ ಚಿಕ್ಕವು. “ಯಾರು ಅಂತ ಗೊತ್ತಾದ್ರೆ ಸಾಲದು, ಯಾರ ಮನೆಯಲ್ಲಿದ್ದ ಅಂತಲೂ ಗೊತ್ತಾಗ್ಬೇಕು” ಎನ್ನುತ್ತಿದ್ದರು.

ಅರವತ್ತರ ದಶಕದ ಆರಂಭದಲ್ಲಿ, ಆಳದಲ್ಲಿ ಬಲೆ ಎಳೆದ ಹಡಗೊಂದರಿಂದ ಮಂಗಳೂರಿನ ಗೆಳೆಯರೊಬ್ಬರು ನಾಲ್ಕು ಬಗೆಯ ಕಡಲಸೌತೆ ತಂದುಕೊಟ್ಟರು. ಇವರು ಒಂದೊಂದರ ಹುಳಗಳನ್ನು, ಕೊಳೆಯದಂತೆ ಸ್ಪಿರಿಟ್ಟು ತುಂಬಿದ ಒಂದೊಂದು ಬಾಟಲಿಗೆ ಹಾಕಿದರು. ಯಾವುದು ಯಾವುದರದ್ದೆಂದು ಚೀಟಿ ಬರೆಯುವ ಕೆಲಸ ನನ್ನದು. ಎಂಟನೆಯವರೆಗೆ ಓದಿದವಳು, ಅಕ್ಷರ ದುಂಡಗಿತ್ತು. ಪೆನ್ಸಿಲಿನಲ್ಲಿ ಬರೆ ಎಂದಿದ್ದರು. ಅಷ್ಟು ದೊಡ್ಡ ಕೆಲಸಕ್ಕೆ ಪೆನ್ಸಿಲೇ ಎಂದು ನಾನು ಶಾಯಿಯಲ್ಲಿ ಬರೆದು ಒಳಗೆ ಹಾಕಿದೆ. ವಾರ ಕಳೆದು ನೋಡಿದರೆ ನಾಲ್ಕೂ ಬಾಟಲಿಯ ಸ್ಪಿರಿಟ್ಟು ತಿಳಿನೀಲಿ, ನಾಲ್ಕೂ ಚೀಟಿ ಖಾಲಿ.

ಅದರಲ್ಲೊಂದು ಹುಳ ಯಾವ ಪುಸ್ತಕದಲ್ಲೂ ಇರಲಿಲ್ಲ. ಕಾಲಿನ ಗಂಟು, ರೋಮ ಎಲ್ಲ ಎಣಿಸಿ, ಚಿತ್ರ ಬರೆದು ಬಲ್ಲವರೊಬ್ಬರಿಗೆ ಕಳಿಸಿದರು. ಹುಳ ಹೊಸದೇ ಇರಬಹುದು, ಆದರೆ ಯಾವ ಕಡಲಸೌತೆಯದ್ದೆಂದು ತಿಳಿಯದೆ ಒಪ್ಪಲಾಗದು ಎಂದು ಉತ್ತರ ಬಂತು.

“ನನ್ನಿಂದ ಆಯ್ತಲ್ಲ” ಎಂದೆ.

“ಆಯ್ತು. ಅದಕ್ಕೆ ಅಳುವುದೆಂಥ? ಇನ್ನೊಂದು ಸಿಕ್ತದೆ. ಸಮುದ್ರ ಅಲ್ಲೇ ಉಂಟಲ್ಲ ಮಾರಾಯ್ತಿ.”

ಸಿಗಲಿಲ್ಲ. ಆರು ವರ್ಷ, ಶನಿವಾರ ಬಂತೆಂದರೆ ಮಂಗಳೂರಿನ ಬಸ್ಸು ಹತ್ತುತ್ತಿದ್ದರು. “ಓ, ಸೌತೆ ಮಾಸ್ಟ್ರು! ಇವತ್ತು ಸಾಂಬಾರಿಗಾ, ಪಲ್ಯಕ್ಕಾ?” ಎಂದು ದೋಣಿ ನಿಲ್ಲುವ ದಕ್ಕೆಯ ಮೀನುಗಾರರು ತಮಾಷೆ ಮಾಡುತ್ತಿದ್ದರಂತೆ. ಖಾಲಿ ಡಬ್ಬಿಯೊಂದಿಗೆ ಬಂದು, ಕಾಲು ತೊಳೆದು ಉಣ್ಣುತ್ತಿದ್ದರು. ಕೊನೆಕೊನೆಗೆ ಜಗಲಿ ಹತ್ತುವಷ್ಟರಲ್ಲೇ ಏದುಸಿರು.

ಒಂದು ಶನಿವಾರ ಹೊರಟವರು ಚಪ್ಪಲಿ ಮೆಟ್ಟಿ ಮತ್ತೆ ಕುಳಿತರು. ಅಷ್ಟು ವರ್ಷಗಳಲ್ಲಿ ಕೇಳದ್ದನ್ನು ಅಂದು ಕೇಳಿದರು: “ಬರೆದವಳು ನೀನಲ್ವಾ? ಯಾವುದರದ್ದು ಅದು?”

“ನೇರಳೆ ಸೌತೆಯದ್ದು” ಎಂದೆ.

ಕಣ್ಣು ಅರಳಿತು. ಹುಳದ ವಿವರ ಬರೆದಿಟ್ಟ ಪುಸ್ತಕ ತೆರೆದು, ಯಾರ ಮನೆಯದ್ದೆಂದು ಬರೆಯಲು ಬಿಟ್ಟ ಖಾಲಿ ಸಾಲಿನ ಮೇಲೆ ಪೆನ್ಸಿಲು ಹಿಡಿದರು. ಆಮೇಲೆ ನನ್ನ ಮುಖ ನೋಡಿದರು. “ನೆನಪಾ, ಅಂದಾಜಾ?”

“ಅಂದಾಜು.”

“ಹಾಗಾದ್ರೆ ಬೇಡ” ಎಂದು ಪುಸ್ತಕ ಮುಚ್ಚಿದರು.

ಮುಂದಿನ ಶನಿವಾರಕ್ಕೆ ಅವರಿರಲಿಲ್ಲ. ನೆನಪು ಎಂದಿದ್ದರೆ ನಂಬುತ್ತಿದ್ದರು. ಆ ಸಾಲು ಈಗಲೂ ಖಾಲಿಯಿದೆ.